ಚೀಲ ತಪಾಸಣೆಯ ಡಾಕ್ಟರಮ್ಮ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾವು ನೀವು ಹೇಳುತ್ತೇವೆ. ನಮ್ಮ ಪ್ರಯೋಗಾಲಯದ ಡಾಕ್ಟರಮ್ಮನಿಗೆ ಹಾಲಿನ ಮೇಲೂ ಅನುಮಾನ. ಮಿದುಳಿನ ಜೀವಕೋಶಗಳು ಹೊರಗೆಸೆಯುವ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ರಕ್ತದಲ್ಲಿ ಹುಡುಕಿ, ಮರೆವಿನ ರೋಗ ಯಾರಿಗೆ ಬರಲಿದೆಯೆಂದು ಮುಂಚೆಯೇ ಹೇಳುವುದು ಅವರ ಸಂಶೋಧನೆ. ಎಲ್ಲರೂ ಆ ಚೀಲಗಳನ್ನು ಕಸವೆಂದು ಬಿಟ್ಟಾಗ, "ಕಸ ಹಾಕೋರು ಇಷ್ಟು ನೀಟಾಗಿ ಗಂಟು ಕಟ್ತಾರೇನ್ರೀ? ಒಳಗೇನೋ ಸಾಗಿಸ್ತಿದಾವೆ" ಎಂದು ಗಡಿಯ ಸುಂಕದವನಂತೆ ಹುಬ್ಬೇರಿಸಿದವರು ಅವರು. ಆ ಹುಬ್ಬು ಮತ್ತೆ ಇಳಿದೇ ಇಲ್ಲ. ಫ್ರೀಜರ್ ಬಾಗಿಲು ಮುಚ್ಚಿದ ಮೇಲೆ ಮೂರು ಸಲ ಎಳೆದು ನೋಡುತ್ತಾರೆ, ಫಲಿತಾಂಶ ಚೆನ್ನಾಗಿ ಬಂದರೆ "ಯಾರಪ್ಪಾ ಇದಕ್ಕೆ ಕೈ ಹಾಕಿದ್ದು?" ಎಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ, ಹುಟ್ಟುಹಬ್ಬದ ಶುಭಾಶಯ ಹೇಳಿದರೂ "ಯಾವ ಆಧಾರದ ಮೇಲೆ?" ಎನ್ನುತ್ತಾರೆ. ಯಾರ ರಕ್ತವನ್ನಾದರೂ ಎರಡು ಸಲ ಪರೀಕ್ಷಿಸುವುದು ಅವರ ನಿಯಮ. ಕಳೆದ ವಾರ ತಮ್ಮ ಯಜಮಾನರ ರಕ್ತವನ್ನು ಮಾತ್ರ ಐದು ಸಲ ಪರೀಕ್ಷಿಸಿದರು. ಯಂತ್ರ ಸುಳ್ಳುಬುರುಕ ಎಂದರು, ರಾಸಾಯನಿಕ ಹಳೆಯದೆಂದರು, ಕೊನೆಗೆ ಟ್ಯೂಬು ಹಿಡಿದಿದ್ದ ನನ್ನ ಕೈಯೇ ಕೊಳಕೆಂದು ನನ್ನನ್ನು ಬೈದರು. ಐದನೆಯ ಸಲವೂ ಕೆಟ್ಟ ಉತ್ತರವೇ ಬಂದಾಗ ಯಾರನ್ನೂ ಬೈಯಲಿಲ್ಲ. ಫೋನ್ ತೆಗೆದು, "ಏನ್ರೀ, ಆಫೀಸಿನ ಬಾಗಿಲಲ್ಲೇ ನಿಂತಿರಿ. ಇನ್ಮೇಲೆ ದಿನಾ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದರು.