ದಾದಾಗೊಂದು ಸಡಿಲ ಸ್ಕ್ರೂ

ಅಡುಗೆಮನೆಯಲ್ಲಿ ಸುಟ್ಟ ವಾಸನೆ ಬಂದರೆ ಉಳಿದವರು ಒಲೆಯ ಕಡೆ ಓಡುತ್ತಾರೆ, ನಾನು ಸ್ವಿಚ್ ಬೋರ್ಡಿನ ಕಡೆ ಓಡುತ್ತೇನೆ. ಮೊನ್ನೆ ಬೆಳಿಗ್ಗೆಯೂ ಹಾಗೇ ಆಯಿತು. ಮಿಕ್ಸರ್ ಹಾಕುವ ಬೋರ್ಡಿನಿಂದ ಸಣ್ಣಗೆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಒಗ್ಗರಣೆಯನ್ನು ಅದರ ಹಣೆಬರಹಕ್ಕೆ ಬಿಟ್ಟು, ಮೇನ್ ಆಫ್ ಮಾಡಿ, ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡಿದೆ. ಬಂದವನು ಕೆಲಸ ಮಾಡುವಷ್ಟು ಹೊತ್ತೂ ಅವನ ಬೆನ್ನ ಹಿಂದೆ ಟಾರ್ಚ್ ಹಿಡಿದು ನಿಂತಿದ್ದೆ. ಬೆಳಕು ಬೇಕೆಂದು ಅವನೇನೂ ಕೇಳಿರಲಿಲ್ಲ. ಮಾಸಿಮಾ, ಚಿಕ್ಕಮ್ಮಾ, ನೀವು ಹೋಗಿ ಕೂತುಕೊಳ್ಳಿ ಎಂದು ಬಂಗಾಳಿಯಲ್ಲಿ ನಯವಾಗಿ ಹೇಳಿದ. ಕೂತರೆ ಇವನು ಏನು ಮಾಡುತ್ತಾನೋ ಯಾರು ಬಲ್ಲರು? ನಿಂತೇ ಇದ್ದೆ.

ನಗಬೇಡಿ. ನಮ್ಮದು ಸಂಶಯದಿಂದಲೇ ಅನ್ನ ದುಡಿದುಕೊಂಡ ಮನೆ. ಮಾವನವರು ರೈಲ್ವೆಯಲ್ಲಿದ್ದು ಹುಬ್ಬಳ್ಳಿಯಿಂದ ಕಲ್ಕತ್ತೆಗೆ ವರ್ಗವಾಗಿ ಬಂದವರು. ಮಗ, ಅಂದರೆ ನಮ್ಮ ಮನೆಯವರು, ನೌಕರಿ ಒಲ್ಲೆನೆಂದು ಬೆಹಾಲಾದಲ್ಲಿ ಸಣ್ಣ ಅಂಗಡಿ ತೆಗೆದು, ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಆದರು. ಫ್ಲಾಟುಗಳು, ಶಾಲೆಗಳು, ಅಂಗಡಿಗಳು, ಹೀಗೆ ಸಿಕ್ಕಿದ ಕಡೆಯೆಲ್ಲ ವೈರಿಂಗ್. ಅವರ ಒಂದು ಪದ್ಧತಿ ಇತ್ತು. ಹೊಸ ಬೋರ್ಡಿಗೆ ಮೊದಲ ಸಲ ಕರೆಂಟು ಹಾಯಿಸುವುದನ್ನು ಇವರು ‘ಲೈನ್ ಕೊಡುವುದು’ ಎನ್ನುತ್ತಾರೆ. ಲೈನ್ ಕೊಡುವ ಮೊದಲು ಒಂದೊಂದು ವೈರನ್ನೂ ತಾವೇ ಎಳೆದು, ಒಂದೊಂದು ಸ್ಕ್ರೂವನ್ನೂ ತಾವೇ ತಿರುಗಿಸಿ ನೋಡಬೇಕು. ಒಂದು ಸ್ಕ್ರೂ ಸಡಿಲವಿದ್ದರೂ ಅಲ್ಲಿ ವೈರು ಕಾದು ಬೆಂಕಿ ಹತ್ತುತ್ತದಂತೆ. ತಪ್ಪೊಂದು ಸಿಗುವವರೆಗೆ ಅಲ್ಲಿಂದ ಏಳುವಂತಿಲ್ಲ.

"ತಪ್ಪಿಲ್ಲದ ಬೋರ್ಡ್ ಇರೂದಿಲ್ಲ. ಸಿಗಲಿಲ್ಲ ಅಂದ್ರ ಮುಚ್ಚಿಟ್ಟಾರ ಅಂತ ಅರ್ಥ" ಎನ್ನುವುದು ಅವರ ಸಿದ್ಧಾಂತ.

ಈ ಸಿದ್ಧಾಂತ ಬೋರ್ಡಿಗಷ್ಟೇ ಸೀಮಿತವಾಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಸೀರೆ ಅಂಗಡಿಯಲ್ಲಿ ಹರಿದ ಎಳೆ ಸಿಗುವ ತನಕ ಬಿಲ್ ಮಾಡಿಸುತ್ತಿರಲಿಲ್ಲ. ನನ್ನನ್ನು ನೋಡಲು ಬಂದಾಗಲೂ ಅಷ್ಟೇ. ಉಪ್ಪಿಟ್ಟಿನಲ್ಲಿ ಉಪ್ಪು ಕಡಿಮೆ ಎಂದು ಪತ್ತೆ ಹಚ್ಚಿದ ಮೇಲೆಯೇ ಮುಖ ಅರಳಿದ್ದು, ಆಮೇಲೆಯೇ ಹೂಂ ಅಂದದ್ದು. ಇಂಥವರ ಜೊತೆ ಬಾಳಿ ಬಾಳಿ ನಾನೂ ತಯಾರಾದೆ. ತೂಗುವವನ ತಕ್ಕಡಿ, ಹಾಲಿನವನ ಕ್ಯಾನು, ಪಕ್ಕದ ಮನೆಯವಳ ಹೊಗಳಿಕೆ, ಯಾವುದನ್ನೂ ನಾನು ಎಳೆದು ನೋಡದೆ ಬಿಟ್ಟವಳಲ್ಲ.

ಇನ್ನು ತಪನ್. ಅವನು ಇವರ ಹೆಡ್ ಮಿಸ್ತ್ರಿ, ಅಂಗಡಿ ತೆಗೆದ ಕಾಲದಿಂದಲೂ ಜೊತೆಗಿದ್ದವನು. ಇವರನ್ನು ದಾದಾ, ಅಂದರೆ ಅಣ್ಣ, ಅನ್ನುತ್ತಿದ್ದ, ನನ್ನನ್ನು ಬೌದಿ, ಅಂದರೆ ಅತ್ತಿಗೆ. ಇವರು ಸಡಿಲ ಸ್ಕ್ರೂ ಒಂದನ್ನು ಹಿಡಿದು ಬೈಯತೊಡಗಿದರೆ ತಪನ್ ತಲೆ ತಗ್ಗಿಸುತ್ತಿರಲಿಲ್ಲ, ಎದುರಾಡುತ್ತಲೂ ಇರಲಿಲ್ಲ. ಮುಂದಿನ ಗೋಡೆಯ ಮೇಲೆ ಏನೋ ಬರೆದಿದೆ, ಅದನ್ನು ಓದಬೇಕಾಗಿದೆ ಎಂಬಂತೆ ಗಂಭೀರವಾಗಿ ಗೋಡೆ ನೋಡುತ್ತ ನಿಲ್ಲುತ್ತಿದ್ದ. ಬೈಗುಳ ಮುಗಿದ ಮೇಲೆ ಚಹಾ ತರಿಸುತ್ತಿದ್ದ. ಇವರು ಚಹಾ ಕುಡಿದು, ಲೈನ್ ಕೊಟ್ಟು, ಖುಷಿಯಿಂದ ಮನೆಗೆ ಬರುತ್ತಿದ್ದರು. "ಇವತ್ತ ಹಿಡದೆ ನೋಡು ಒಂದ" ಎಂದು ಊಟಕ್ಕೆ ಕೂತು ಶುರು ಮಾಡಿದರೆ, ಗಾಳ ಹಾಕಿ ದೊಡ್ಡ ಮೀನು ಎಳೆದವರ ಹಾಗೆ ವರ್ಣನೆ. ನಾನು ಇಲ್ಲದಿದ್ದರೆ ಈ ಊರು ಎಂದೋ ಸುಟ್ಟು ಬೂದಿಯಾಗುತ್ತಿತ್ತು ಎನ್ನುವಲ್ಲಿಗೆ ಆ ವರ್ಣನೆ ಮುಗಿಯುತ್ತಿತ್ತು.

ಹೀಗೆ ನಡೆದಿರುವಾಗ ಕಲ್ಕತ್ತೆಗೆ ಕಂಪ್ಯೂಟರ್ ಜ್ವರ ಬಂತು. ಸಾಲ್ಟ್ ಲೇಕಿನಾಚೆ ಗಾಜಿನ ಕಟ್ಟಡಗಳು ಏಳತೊಡಗಿದವು. ಒಂದು ಟೇಬಲ್ಲಿಗೊಂದು ಕಂಪ್ಯೂಟರ್, ಅದಕ್ಕೊಂದು ಪಾಯಿಂಟ್. ಅಂಥ ಟೇಬಲ್ಲುಗಳು ಕಣ್ಣು ಹಾಯುವಷ್ಟು ದೂರ. ಅದರಲ್ಲೊಂದು ಕಟ್ಟಡದ ಒಂದು ಮಹಡಿ ಇವರಿಗೆ ಸಿಕ್ಕಿತು. ಅದೇ ಹೊತ್ತಿಗೆ ಖಿದಿರ್‌ಪುರದ ಬಂದರಿನ ಹತ್ತಿರ ಒಂದು ದೊಡ್ಡ ಗೋದಾಮಿನ ಕೆಲಸವೂ ಬಂತು. ಇವರು ಹೊಸ ಜನರನ್ನು ಸೇರಿಸಿಕೊಂಡರು, ಹೊಸ ವಿಸಿಟಿಂಗ್ ಕಾರ್ಡು ಮಾಡಿಸಿದರು. ಕಾಳಿಘಾಟಿಗೆ ಹೋಗಿ ಪೂಜೆ ಮಾಡಿಸಿದೆವು. ಅಲ್ಲಿಯೂ ಪಂಡಾ ಮಂತ್ರ ನುಂಗುತ್ತಾನೆ ಎಂದು ಇವರಿಗೆ ಅನುಮಾನ.

ಸಾಲ್ಟ್ ಲೇಕಿನ ಕಟ್ಟಡದ ಅಧಿಕಾರಿ ಟೈ ಕಟ್ಟಿದ ಸಭ್ಯ ಮನುಷ್ಯ. ಈ ಮಹಡಿಯನ್ನು ಹೇಳಿದ ದಿನಕ್ಕೆ ಒಪ್ಪಿಸಿದರೆ ಮೇಲಿನ ಮಹಡಿಗಳೆಲ್ಲ ನಿಮ್ಮವೇ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ನಗುನಗುತ್ತಲೇ ಹೇಳಿದ್ದ. ಇವರ ಇಷ್ಟು ವರ್ಷದ ದುಡಿಮೆ ಒಂದೇ ದಿನದ ಮೇಲೆ ಬಂದು ನಿಂತಿತ್ತು. ಆದರೆ ಇವರೋ ಒಬ್ಬರೇ. ಇವರು ಬಂದು ಎಳೆದು ನೋಡದೆ ಎಲ್ಲಿಯೂ ಲೈನ್ ಕೊಡುವಂತಿಲ್ಲ. ಇವರು ಖಿದಿರ್‌ಪುರದಲ್ಲಿದ್ದರೆ ಸಾಲ್ಟ್ ಲೇಕಿನವರು ಚುರುಮುರಿ ತಿನ್ನುತ್ತ ಹರಟೆ ಹೊಡೆಯುತ್ತ ಕೂರುತ್ತಿದ್ದರು, ಸಾಲ್ಟ್ ಲೇಕಿನಲ್ಲಿದ್ದರೆ ಖಿದಿರ್‌ಪುರದವರು. ನಡುವೆ ಇಡೀ ಊರು, ಊರಿನ ತುಂಬ ಮೆರವಣಿಗೆ. ಟ್ಯಾಕ್ಸಿಯಲ್ಲಿ ಕೂತು ಕೂತೇ ಇವರು ಸೊರಗಿಹೋದರು.

ಒಂದು ದಿನ ತಪನ್, ದಾದಾ, ಒಂದು ಕಡೆಯ ಲೈನ್ ನಾನೇ ಕೊಡುತ್ತೇನೆ, ನನಗೆ ಬಿಡಿ ಎಂದು ಕೇಳಿದನಂತೆ. ಮನೆಗೆ ಬಂದವರು ಚಪ್ಪಲಿ ಕಳಚುವ ಮೊದಲೇ ಶುರು ಮಾಡಿದರು.

"ಇಷ್ಟ ವರ್ಷ ಕೇಳಲಾರದವ ಈಗ್ಯಾಕ ಕೇಳಿದ? ನಾ ಇಲ್ಲದಾಗ ಅಂವಗೇನ ಕೆಲಸ ಐತಿ ಅಲ್ಲಿ?"

ಉರಿಯುವ ಒಲೆಗೆ ನಾನೂ ಒಂದು ಕಟ್ಟಿಗೆ ಇಟ್ಟೆ. ತಪನ್ ಆಗಷ್ಟೇ ಮೊಬೈಲ್ ಕೊಂಡಿದ್ದ. ನಾನು ಬುತ್ತಿ ಕೊಡಲು ಹೋದಾಗಲೆಲ್ಲ ಇವರ ಕಡೆ ಒಂದು ಕಣ್ಣಿಟ್ಟು, ಕಂಬದ ಮರೆಗೆ ಹೋಗಿ ಪಿಸಪಿಸ ಮಾತಾಡುತ್ತಿದ್ದ. ಟೈ ಕಟ್ಟಿದವನ ಜೊತೆ ಒಳಗೊಳಗೆ ಕುದುರಿಸಿಕೊಂಡಿದ್ದಾನೆ, ಇವರನ್ನು ಬದಿಗೆ ಸರಿಸಿ ತಾನೇ ಕಾಂಟ್ರ್ಯಾಕ್ಟರ್ ಆಗುತ್ತಾನೆ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಇನ್ನು ಅವನನ್ನು ಕಳಿಸಿಬಿಡುವುದೇ ಸೈ ಎಂದರು ಇವರು. ಆದರೆ ಮೊದಲು ಕೈಯಾರೆ ಹಿಡಿಯಬೇಕು. ಹಿಡಿಯದೆ ಬಿಟ್ಟು ಅಭ್ಯಾಸವಿಲ್ಲವಲ್ಲ.

ಮರುದಿನ ಇವರು ಖಿದಿರ್‌ಪುರಕ್ಕೆ ಹೊರಟೆ ಎಂದು ಸಾಲ್ಟ್ ಲೇಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿ ಟ್ಯಾಕ್ಸಿ ಹತ್ತಿದರು. ತಿರುವಿನಲ್ಲೇ ಇಳಿದರು. ಅಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ನಾನು ಬುತ್ತಿ ಡಬ್ಬಿ ಹಿಡಿದು ಕಾಯುತ್ತಿದ್ದೆ. ಆ ವಯಸ್ಸಿನಲ್ಲಿ ಗಂಡ ಹೆಂಡತಿ ಕಳ್ಳರ ಹಾಗೆ ಹಿಂದಿನ ಮೆಟ್ಟಿಲು ಹತ್ತಿದೆವು. ನಿಜ ಹೇಳಲೇ? ಮಜವಾಗಿತ್ತು.

ತಪನ್ ಕಂಬದ ಮರೆಯಲ್ಲೇ ಇದ್ದ, ನಮಗೆ ಬೆನ್ನು ಮಾಡಿಕೊಂಡು. ಖಿದಿರ್‌ಪುರದ ಸೈಟ್ ನೋಡಿಕೊಳ್ಳುತ್ತಿದ್ದ ಶಿಬು ಎಂಬ ಮಿಸ್ತ್ರಿಯ ಜೊತೆ ಮೊಬೈಲಿನಲ್ಲಿ, ಬಂಗಾಳಿಯಲ್ಲಿ ಮಾತಾಡುತ್ತಿದ್ದ. ನಮ್ಮಿಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು: ದಾದಾ ಹೊರಟರು, ಮೇನ್ ಬೋರ್ಡಿನಲ್ಲಿ ಒಂದು ಸ್ಕ್ರೂ ಸಡಿಲ ಮಾಡಿಡು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಇವರು ಹಿಂದಿನಿಂದ ಹೋಗಿ ಅವನ ಭುಜ ಹಿಡಿದರು. ತಿರುಗಿ ನೋಡಿದ ತಪನನ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಕೆಲಸ ಕೆಡಿಸಲಿಕ್ಕೆ ಯಾರು ಹೇಳಿದರು, ಎಷ್ಟು ದಿನದಿಂದ ನಡೆದಿದೆ ಇದು ಎಂದು ಇವರು ಕೇಳಿದರು. ಅಂದು ಮಾತ್ರ ತಪನ್ ಗೋಡೆ ನೋಡಲಿಲ್ಲ, ನೆಲ ನೋಡಿದ. ಅವನು ಹೇಳಿದ್ದು ಬಂಗಾಳಿ ಬೆರೆತ ಹಿಂದಿಯಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಕೆಡಿಸಲಿಕ್ಕಲ್ಲ ದಾದಾ. ತಪ್ಪು ಸಿಗದಿದ್ದರೆ ನೀವು ಏಳುವುದಿಲ್ಲ, ಊಟ ಮಾಡುವುದಿಲ್ಲ, ಬಿಗಿಯಾಗಿರುವುದನ್ನೆಲ್ಲ ಬಿಚ್ಚಿಸುತ್ತೀರಿ. ಅದಕ್ಕೇ ನಿಮಗೆಂದು ಒಂದನ್ನು ಬಿಟ್ಟಿಡುತ್ತೇವೆ. ನೀವು ಹಿಡಿಯುತ್ತೀರಿ, ಬೈಯುತ್ತೀರಿ, ಚಹಾ ಕುಡಿದು ಲೈನ್ ಕೊಡುತ್ತೀರಿ. ಎಷ್ಟೋ ವರ್ಷದಿಂದ ಹೀಗೇ."

ಪಿಸಪಿಸದ ಗುಟ್ಟು ಇಷ್ಟೇ. ದಾದಾ ಹೊರಟರು ಎಂಬ ಸುದ್ದಿ ಮುಟ್ಟಿಸಲಿಕ್ಕೆ ಮೊಬೈಲ್. ನನಗೆ ನಗು ಬಂದು, ಇವರ ಮುಖ ನೋಡಿ ಗಂಟಲಲ್ಲೇ ನಿಂತಿತು. ಊಟಕ್ಕೆ ಕೂತು ಇವರು ಬಡಿಸುತ್ತಿದ್ದ ಆ ದೊಡ್ಡ ದೊಡ್ಡ ಮೀನುಗಳನ್ನೆಲ್ಲ ಯಾರೋ ಗಾಳಕ್ಕೆ ಸಿಕ್ಕಿಸಿ ಕೊಟ್ಟದ್ದು. ಆ ಗಳಿಗೆಯಲ್ಲಿ ಭೂಮಿ ಬಾಯ್ಬಿಟ್ಟಿದ್ದರೆ ಇವರು ಇಳಿದು ಹೋಗಿಬಿಡುತ್ತಿದ್ದರು.

ಆದರೆ ಸಂಶಯದ ಮನುಷ್ಯನಿಗೆ ಅವಮಾನದ ನಡುವೆಯೂ ತಲೆ ಓಡುತ್ತದೆ. ನಾನೀಗ ಖಿದಿರ್‌ಪುರಕ್ಕೆ ಹೋಗಲಿಲ್ಲವಲ್ಲ, ಆ ಸ್ಕ್ರೂ ಬಿಗಿ ಮಾಡುವವರು ಯಾರು ಎಂದು ಕೇಳಿದರು. ಶಿಬು ಮಾಡುತ್ತಾನೆ ಎಂದ ತಪನ್, ಅಂದವನೇ ಫೋನ್ ಒತ್ತಿದ. ಶಿಬು ಎತ್ತಲಿಲ್ಲ. ಮತ್ತೆ ಒತ್ತಿದ, ಎತ್ತಲಿಲ್ಲ. ಮೂವರೂ ಟ್ಯಾಕ್ಸಿ ಹಿಡಿದೆವು. ಬುತ್ತಿ ಡಬ್ಬಿ ನನ್ನ ತೊಡೆಯ ಮೇಲೆ ಆರುತ್ತಿತ್ತು.

ಶಿಬು ಗೋದಾಮಿನ ಗೇಟಿನಲ್ಲೇ ನಿಂತಿದ್ದ, ದಾದಾನ ಟ್ಯಾಕ್ಸಿ ಕಾಯುತ್ತ. ರಸ್ತೆಯ ಗದ್ದಲದಲ್ಲಿ ಅವನಿಗೆ ಫೋನ್ ಕೇಳಿಸಿರಲಿಲ್ಲ. ಒಳಗೆ ಗೋದಾಮಿನವರು ಅವಸರ ಮಾಡಿದರೆಂದು, ಹೊಸದಾಗಿ ಸೇರಿದ ಮಿಸ್ತ್ರಿಯೊಬ್ಬ ಲೈನ್ ಕೊಟ್ಟುಬಿಟ್ಟಿದ್ದ. ದಾದಾಗೊಂದು ಸ್ಕ್ರೂ ಬಿಡುವ ಪದ್ಧತಿ ಹಳಬರಿಗೆ ಗೊತ್ತು, ಹೊಸಬನಿಗೆ ಯಾರು ಹೇಳಬೇಕು? ಒಂದೇ ಸೈಟ್ ಇದ್ದಾಗ ಬಿಟ್ಟವನ ಕಣ್ಣು ಸ್ಕ್ರೂ ಮೇಲೆಯೇ ಇರುತ್ತಿತ್ತು. ಒಳಗೆ ಕಾಲಿಡುತ್ತಲೇ ವಾಸನೆ ಬಡಿಯಿತು. ಇವರು ಓಡಿ ಹೋಗಿ ಮೇನ್ ಎಳೆದರು. ಬೋರ್ಡಿನ ಮೂಲೆ ಕರಕಲಾಗಿ ಹೊಗೆಯಾಡುತ್ತಿತ್ತು, ಅದಕ್ಕೆ ತಾಗುವಷ್ಟು ಹತ್ತಿರ ಸೆಣಬಿನ ಮೂಟೆಗಳು ಚಾವಣಿಯವರೆಗೆ.

ಇವರು ಈಗ ಬೈಯುತ್ತಾರೆ ಎಂದು ಎಲ್ಲರೂ ಕಾದೆವು. ಬೈಯಲಿಲ್ಲ. ಅಲ್ಲೇ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ತಪನನನ್ನು ಒಂದೇ ಪ್ರಶ್ನೆ ಕೇಳಿದರು. ನಾನು ಹಿಡಿದದ್ದೆಲ್ಲ ನೀವು ಬಿಟ್ಟದ್ದೇ ಏನು? ಮೊದಲಿನಿಂದಲೂ?

"ಮೊದಲಿನವು ಅಲ್ಲ ದಾದಾ. ಮೊದಲು ನೀವು ಹಿಡಿದದ್ದೆಲ್ಲ ನಿಜವಾದ ತಪ್ಪೇ. ಬೈಸಿಕೊಂಡು ಬೈಸಿಕೊಂಡು ನಾವು ಕಲಿತೆವು. ನಾವು ಕಲಿತದ್ದನ್ನು ನೀವು ನೋಡಲಿಲ್ಲ."

ಇವರು ತಲೆ ಅಲ್ಲಾಡಿಸಿದರು. ಎಲ್ಲರೂ ಕೇಳುವಂತೆ, ಇನ್ನು ಮೇಲೆ ಯಾರೂ ನನಗಾಗಿ ಏನೂ ಬಿಡಬೇಡಿ, ಸಾಲ್ಟ್ ಲೇಕಿನ ಲೈನ್ ತಪನ್ ಕೊಡುತ್ತಾನೆ, ನಾನು ಬರುವುದಿಲ್ಲ ಎಂದರು. ತಪನ್ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಅಷ್ಟರಲ್ಲೂ ನನಗೆ, ಇದು ನಿಜವಾದ ಕಣ್ಣೀರೋ ಹೊಗೆಯದೋ ಎಂದು ಅನುಮಾನ. ನನ್ನ ಜನ್ಮವೇ ಅಷ್ಟು.

ಲೈನ್ ಕೊಡುವ ದಿನ ಇವರು ಮನೆಯಲ್ಲೇ ಕೂತರು. ಕೂತರು ಎಂದೆನೇ? ಮನೆಯ ಅಷ್ಟೂ ಬಾಗಿಲಿನ ತಿರುಪು, ಕುಕ್ಕರಿನ ಹಿಡಿ, ನನ್ನ ಕನ್ನಡಕದ ಕಡ್ಡಿ, ಎಲ್ಲವನ್ನೂ ಬಿಗಿ ಮಾಡಿದರು. ಕನ್ನಡಕ ಅಂದಿನಿಂದ ಮಡಚಲು ಬರುತ್ತಿಲ್ಲ. ಮಧ್ಯಾಹ್ನ ಫೋನ್ ಬಂತು. ಲೈನ್ ಕೊಟ್ಟಾಯಿತು, ಎಲ್ಲ ಸರಿಯಿದೆ ಎಂದು ತಪನ್ ಹೇಳಿದ. ಸರಿ ಎಂದು ಫೋನಿಟ್ಟವರ ಮುಖದಲ್ಲಿ ಸಂತೋಷಕ್ಕಿಂತ ದುಃಖವೇ ಹೆಚ್ಚಿತ್ತು. ಹೆತ್ತ ಮಗಳನ್ನು ಕಳಿಸಿಕೊಟ್ಟವರ ಹಾಗೆ ಕೂತುಬಿಟ್ಟರು. ನನಗೂ ಸಂಕಟವಾಯಿತು.

ಮೇಲಿನ ಮಹಡಿಗಳೆಲ್ಲ ಸಿಕ್ಕವು, ಕೆಲಸ ಬೆಳೆಯಿತು. ಕೆಲವು ತಿಂಗಳ ಮೇಲೆ ಒಂದು ದಿನ ತಪನ್ ಫೋನ್ ಮಾಡಿ, ದಾದಾ, ಒಂದು ಕಡೆ ಏನೋ ದೋಷವಿದೆ, ನಮ್ಮ ಯಾರ ಕೈಗೂ ಸಿಗುತ್ತಿಲ್ಲ, ನೀವೇ ಬರಬೇಕು ಎಂದ. ಇವರು ಶರ್ಟಿನ ಗುಂಡಿ ದಾರಿಯಲ್ಲಿ ಹಾಕಿಕೊಳ್ಳುತ್ತ ಓಡಿದರು. ಸಂಜೆ ಬಂದಾಗ ಕೈಯಲ್ಲಿ ರಸಗುಲ್ಲದ ಮಡಕೆ. "ಹಿಡದೆ ನೋಡು" ಅಂದರು. ಅದು ನಿಜವಾದ ದೋಷವೋ, ತಪನ್ ಬಿಟ್ಟಿಟ್ಟದ್ದೋ? ಅನುಮಾನ ನಾಲಿಗೆಯ ತುದಿಯವರೆಗೆ ಬಂದಿತ್ತು. ರಸಗುಲ್ಲದ ಜೊತೆ ನುಂಗಿಕೊಂಡೆ.

ಈಗ ವ್ಯವಹಾರವೆಲ್ಲ ತಪನನದೇ. ಇವರ ಕೈ ನಡುಗುತ್ತದೆ, ಕಣ್ಣು ಮಂಜು. ಮೊನ್ನೆ ಎಲೆಕ್ಟ್ರಿಶಿಯನ್ ಕೆಲಸ ಮುಗಿಸಿ ಹೋದಾಗ ಇವರು ತರಕಾರಿಗೆ ಹೋಗಿದ್ದರು. ಇವರು ನೋಡದೆ ಲೈನ್ ಕೊಡುವಂತಿಲ್ಲವಾದ್ದರಿಂದ ಮೇನ್ ಇನ್ನೂ ಆಫ್ ಇತ್ತು. ನಾನು ಬೋರ್ಡಿನ ಸ್ಕ್ರೂಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದೆ. ಎಲ್ಲವೂ ಕಲ್ಲಿನಂತೆ ಬಿಗಿ. ಒಂದೇ ಒಂದು ತಪ್ಪಿಲ್ಲ. ಈಗೇನು ಮಾಡಲಿ? ಇನ್ನು ಇವರು ಬಂದು ಹುಡುಕುತ್ತಾರೆ. ಸಿಗುವುದಿಲ್ಲ. ನನ್ನ ಕಣ್ಣು ಹೋಯಿತು ಎಂದು ಊಟ ಬಿಟ್ಟು ಕೂರುತ್ತಾರೆ.

ಚಾಕುವಿನ ತುದಿಯಿಂದ ಒಂದು ಸ್ಕ್ರೂ ಸಡಿಲ ಮಾಡಿದೆ. ಹೊರಗಿನ ಮುಚ್ಚಳದ್ದು, ಕರೆಂಟಿನದಲ್ಲ, ಹೆದರಬೇಡಿ.

ಇವರು ಬಂದರು, ಚೀಲ ಇಟ್ಟರು, ಮೂಸಿದರು, ಸ್ಕ್ರೂಡ್ರೈವರ್ ತಂದರು. ನಡುಗುವ ಕೈ ಒಂದೊಂದನ್ನೇ ತಡವಿಕೊಂಡು ಹೋಯಿತು. ಸಿಕ್ಕಿತು. ಈಗಿನವರಿಗೆ ಕೆಲಸ ಬರುವುದಿಲ್ಲ ಎಂದು ಮನಸಾರೆ ಬೈದು, ಬಿಗಿ ಮಾಡಿ, ಮುಖ ಅರಳಿಸಿಕೊಂಡು ನನ್ನ ಕಡೆ ತಿರುಗಿದವರು ಹಾಗೇ ನಿಂತರು. ಕಟ್ಟೆಯ ಮೇಲೆ ಚಾಕು ಇತ್ತು.

"ಇದನ್ನ ಅಂವ ಬಿಟ್ಟಿದ್ದೋ, ನೀ ಬಿಟ್ಟಿದ್ದೋ?"

ನಾನು ಎದುರಿನ ಗೋಡೆ ನೋಡಿದೆ.

"ತಪನನೂ ಹಿಂಗ ಗ್ವಾಡಿ ನೋಡತಿದ್ದ" ಅಂದರು ಇವರು. ಆಮೇಲೆ ಹೋಗಿ ಲೈನ್ ಕೊಟ್ಟು, ಚಹಾ ಇಡು ಅಂದರು.