ಬಿಸಿಯಾಗದ ಇಂಜಿನ್ನು

ಡೊಂಬಿವಲಿಯ ಪೇಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ನನ್ನ ಕೆಲಸವೇ ಅನುಮಾನ ಪಡುವುದು. ಥರ್ಮಾಮೀಟರು ಅರ್ಧ ಡಿಗ್ರಿ ಹೆಚ್ಚು ತೋರಿಸಿದರೂ ವಾಪಸ್ ಕಳಿಸುವವಳು ನಾನು. ಅಂಥವಳು ನನ್ನದೇ ಕಾರಿನ ಬಿಸಿ ತೋರಿಸುವ ಮುಳ್ಳನ್ನು ಎರಡು ತಿಂಗಳು ಕಣ್ಣುಮುಚ್ಚಿ ನಂಬಿದೆ. ಈಗ ನೆನೆದರೂ ಮೈ ಉರಿಯುತ್ತದೆ.

ಕಂಪನಿಯವರು ಸಾನಪಾಡಾದಲ್ಲಿ ಹೊಸ ಲ್ಯಾಬ್ ತೆರೆದು, ಅದನ್ನು ನೋಡಿಕೊಳ್ಳುವ ಹುದ್ದೆಗೆ ನನ್ನನ್ನು ಕೇಳಿದ್ದರು. ಹದಿನೆಂಟು ವರ್ಷ ಕಾದ ಹುದ್ದೆ. ಲೋಕಲ್ ರೈಲಿನಲ್ಲಾದರೆ ಥಾಣೆ ಸ್ಟೇಷನ್ನಿನಲ್ಲಿ ಇಳಿದು ಗಾಡಿ ಬದಲಿಸಬೇಕು, ಎರಡರಲ್ಲೂ ನೂಕುನುಗ್ಗಲು. ನನ್ನ ಸೊಂಟನೋವಿಗೆ ಅದು ಆಗುವ ಮಾತಲ್ಲ. ಶಿಳಫಾಟಾ ಹೈವೇ ದಾರಿಯಾಗಿ ಕಾರಿನಲ್ಲೇ ಹೋಗುವುದೆಂದು ತೀರ್ಮಾನಿಸಿದೆ. ಒಂದು ಸಲ ಓಡಿಸಿ ನೋಡೋಣ ಎಂದು ಹೊರಟ ದಿನವೇ ಮುಳ್ಳು ಕೆಂಪು ಗೆರೆ ಮುಟ್ಟಿತು.

ಗಂಡ ಕಾರನ್ನು ಕಲ್ಯಾಣದ ಗ್ಯಾರೇಜಿಗೆ ಒಯ್ದರು. ಅಲ್ಲಿನ ಮೆಕ್ಯಾನಿಕ್ ನಮ್ಮ ಉಡುಪಿ ಕಡೆಯವನು. ತುಳುವಿನಲ್ಲಿ ಮಾತಾಡುತ್ತಾನೆ, ನನಗೆ ಅಕ್ಕ, ಗಂಡನಿಗೆ ಭಾವ ಅನ್ನುತ್ತಾನೆ, ಚೌತಿಯ ಊಟ ನಮ್ಮಲ್ಲೇ. "ಅಕ್ಕ, ಇಂಜಿನ್ ಸೋತಿದೆ. ಪೇಟೆಯೊಳಗೆ ಓಡಿಸಿ, ಅಡ್ಡಿಲ್ಲ. ಹೈವೇಗೆ ಮಾತ್ರ ಬೇಡ, ನಡುದಾರಿಯಲ್ಲಿ ಕೈ ಕೊಟ್ಟೀತು" ಎಂದು ನನಗೆ ಫೋನಿನಲ್ಲಿ ಹೇಳಿದ. ನಾನು ಇನ್ನೊಬ್ಬರಿಗೆ ತೋರಿಸಲೇ ಇಲ್ಲ. ನಮ್ಮವನನ್ನು ಬಿಟ್ಟು ಬೇರೆ ಗ್ಯಾರೇಜಿಗೆ ಹೋದರೆ ನಮ್ಮ ಊರಿನವರ ಸಂಘದ ಪೂಜೆಯಲ್ಲಿ ಅವನಿಗೆ ಮುಖ ತೋರಿಸುವುದು ಹೇಗೆ? ಈ ಊರಿನಲ್ಲಿ ನಮ್ಮ ಜನರ ಹಣೆಬರಹವೇ ಇಷ್ಟು, ತುಳುವಿನಲ್ಲಿ ಹೇಳಿದ್ದೆಲ್ಲ ಸತ್ಯ.

ಗಂಡನ ಕಾಳಜಿಯಂತೂ ಕೇಳಬೇಡಿ. ದಿನಾ ಬೆಳಿಗ್ಗೆ ಇಂಜಿನ್ ತಂಪಿಡುವ ಕೂಲೆಂಟ್‌ನ ಡಬ್ಬಿಯಲ್ಲಿ ಇಣುಕುವುದೇನು, ಡಿಕ್ಕಿಯಲ್ಲಿ ನೀರಿನ ಬಾಟಲಿ ತುಂಬಿಡುವುದೇನು! ಕೊನೆಗೆ ನಾನು ಹುದ್ದೆ ಬೇಡವೆಂದು ಕಂಪನಿಗೆ ಪತ್ರ ಬರೆಯುವಾಗಲೂ ಪಕ್ಕದಲ್ಲೇ ಕೂತು, "ವೈಯಕ್ತಿಕ ಕಾರಣ ಅಂತ ಹಾಕು, ಸಾಕು" ಎಂದರು. ನನಗೆ ಅಳು ಬಂದಾಗ ಚಹಾ ಮಾಡಿ ತಂದುಕೊಟ್ಟರು. ಎಂಥ ಗಂಡ ಸಿಕ್ಕಿದ್ದಾರೆ ಎಂದುಕೊಂಡೆ.

ಮರುವಾರ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಪೈಪಿನ ಕೆಲಸಕ್ಕಾಗಿ ಕಾರನ್ನು ಪಕ್ಕಕ್ಕೆ ಸರಿಸಬೇಕಾಯಿತು. ಎಂಟು ದಿನ ನಿಂತಿದ್ದ ಕಾರು, ಗ್ಯಾರೇಜಿನಿಂದ ಬಂದ ಮೇಲೆ ಅದನ್ನು ಓಡಿಸುತ್ತಿದ್ದವರು ಗಂಡನೇ. ಕೀ ತಿರುಗಿಸಿದೆ, ಇಂಜಿನ್ ಇನ್ನೂ ಶುರುವೇ ಆಗಿಲ್ಲ, ಮುಳ್ಳು ಆಗಲೇ ಕೆಂಪು ಗೆರೆಯ ಹತ್ತಿರ! ಬಾನೆಟ್ ಎತ್ತಿ ಮುಟ್ಟಿ ನೋಡಿದರೆ ಎಲ್ಲ ತಣ್ಣಗಿದೆ. ಇಂಜಿನ್ನಿನ ಬಿಸಿಯನ್ನು ಅಳೆದು ಮುಳ್ಳಿಗೆ ತಿಳಿಸುವ ಸೆನ್ಸರ್ ಕೆಟ್ಟಿದೆ ಎಂದು ಆ ಕ್ಷಣವೇ ಹೊಳೆಯಿತು.

ಭಾನುವಾರ ಗಂಡ ಸಂಘದ ಸಭೆಗೆ ಹೋಗಿದ್ದರು. ನಾನು ಲ್ಯಾಬಿನಿಂದ ತಂದಿದ್ದ, ವಿದ್ಯುತ್ ಪ್ರತಿರೋಧ ಅಳೆಯುವ ಮೀಟರ್ ಹಿಡಿದು ಪಾರ್ಕಿಂಗಿಗೆ ಇಳಿದೆ. ರೇಡಿಯೇಟರಿನ ದಪ್ಪ ಪೈಪು ಇಂಜಿನ್ನಿಗೆ ಸೇರುವಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ತುಂಡು, ಅದಕ್ಕೊಂದು ಎರಡು ವಯರಿನ ಪ್ಲಗ್. ಅದೇ ಸೆನ್ಸರ್. ಪ್ಲಗ್ ಕಿತ್ತು ಸ್ಪಾನರಿನಿಂದ ಬಿಚ್ಚಿದೆ, ಸ್ವಲ್ಪ ಕೂಲೆಂಟ್ ಕೈಮೇಲೆ ಸುರಿಯಿತು. ಸೆನ್ಸರಿನ ತುದಿಯನ್ನು ಮೊದಲು ತಣ್ಣೀರಿನಲ್ಲಿ, ಆಮೇಲೆ ಕುದಿನೀರಿನಲ್ಲಿ ಅದ್ದಿ ಮೀಟರ್ ಹಿಡಿದೆ. ಬಿಸಿ ಏರಿದಂತೆ ಪ್ರತಿರೋಧದ ಅಂಕಿ ಇಳಿಯಬೇಕು. ಇದು ಎರಡರಲ್ಲೂ ಒಂದೇ ಅಂಕಿ ತೋರಿಸಿತು. ಸ್ಪೇರ್ ಅಂಗಡಿಯಿಂದ ಹೊಸದು ತಂದು, ಹೊಸ ವಾಷರ್ ಹಾಕಿ ಬಿಗಿದು, ಕೂಲೆಂಟ್ ತುಂಬಿದೆ. ಇಂಜಿನ್ ಶುರು ಮಾಡಿದರೆ ಮುಳ್ಳು ಕೆಳಗಿನಿಂದ ನಿಧಾನವಾಗಿ ಏರಿ ನಡುವೆ ನಿಂತಿತು. ಕುಣಿಯುವಷ್ಟು ಖುಷಿಯಾಯಿತು.

ಮೆಕ್ಯಾನಿಕ್‌ನನ್ನು ಸ್ವಲ್ಪ ಆಡಿಕೊಳ್ಳೋಣವೆಂದು ಫೋನ್ ಮಾಡಿದೆ. "ಎಂಥ ಮಾರಾಯ, ಇಂಜಿನ್ ಸೋತಿದೆ ಅಂದಿಯಲ್ಲ, ಸೆನ್ಸರ್ ಬದಲಿಸಿದ ಕೂಡಲೇ ಸರಿಹೋಯ್ತು!"

ಅವನು ದನಿ ತಗ್ಗಿಸಿದ. "ಅಕ್ಕ, ನಾನು ಅವತ್ತೇ ಭಾವನ ಹತ್ರ ಸೆನ್ಸರ್ ಅಂತಲೇ ಹೇಳಿದ್ದೆ. 'ಈಗ ಹೊಸದು ಹಾಕುವುದು ಬೇಡ, ಅವಳು ಸಾನಪಾಡಾದ ಆಸೆ ಬಿಡಲಿ, ಅಲ್ಲಿವರೆಗೆ ಇಂಜಿನ್ ಸರಿ ಇಲ್ಲ ಅನ್ನು' ಅಂತ ಭಾವನೇ ಹೇಳಿದ್ದು. ನಾನು ಎಂಥ ಮಾಡುವುದು ಹೇಳಿ?"

ಗಂಡ ಬಂದಾಗ ಕೇಳಿದೆ. ಇಲ್ಲವೆನ್ನಲಿಲ್ಲ. "ಆ ದಾರಿಯಲ್ಲಿ ಬರೀ ಕಂಟೇನರ್ ಲಾರಿಗಳು. ನೀನು ದಿನಾ ಹೋಗುವುದು ನೆನೆಸಿದರೆ ನನಗೆ ಹೆದರಿಕೆ ಆಗ್ತಿತ್ತು."

"ಹಾಗಂತ ನನ್ನ ಹತ್ರ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಕೇಳ್ತಿದ್ದಿಯಾ?"

ಕೇಳುತ್ತಿರಲಿಲ್ಲ, ಜಗಳವಾಡಿ ಹೋಗೇ ಹೋಗುತ್ತಿದ್ದೆ. ಅದು ಗೊತ್ತಿದ್ದೇ ಅವರು ಜಗಳಕ್ಕೆ ಬರಲಿಲ್ಲ. ದಿನಾ ಬೆಳಿಗ್ಗೆ ನನ್ನ ಎದುರೇ ಬಾಗಿ, ಏನೂ ಆಗದ ಇಂಜಿನ್ನನ್ನು ನೋಡಿ ಲೊಚಗುಟ್ಟುತ್ತಿದ್ದರು. ಹೆದರಿಕೆಯನ್ನು ಕ್ಷಮಿಸಬಹುದಿತ್ತು. ಆ ನಾಟಕವನ್ನು ನನ್ನಿಂದ ಕ್ಷಮಿಸಲಾಗಲಿಲ್ಲ.

ಸೋಮವಾರ ಹುದ್ದೆಯನ್ನು ಮತ್ತೆ ಕೇಳಲು ಒಬ್ಬಳೇ ಸಾನಪಾಡಾಕ್ಕೆ ಹೋದೆ. ಕಾರು ದಾರಿಯುದ್ದಕ್ಕೂ ಒಂದು ಸಣ್ಣ ತಕರಾರೂ ಮಾಡಲಿಲ್ಲ. ಕಂಪನಿಯ ದೊಡ್ಡ ಸಾಹೇಬರು ಬೇಸರದಿಂದಲೇ, "ನೀವೇ ಬೇಡ ಅಂತ ಬರೆದಿರಲ್ಲ ಮ್ಯಾಡಮ್, ಶುಕ್ರವಾರವೇ ಬೇರೆಯವರನ್ನು ತೆಗೆದುಕೊಂಡೆವು" ಎಂದರು. ಹೌದು, ನಾನೇ ಬರೆದದ್ದು ಎಂದು ಹೇಳಿ ಎದ್ದುಬಂದೆ.

ಮನೆಯ ಬಾಗಿಲಲ್ಲೇ ಗಂಡ ಕೇಳಿದರು, "ಏನಂದ್ರು?"

"ಹುದ್ದೆ ಇನ್ನೂ ಖಾಲಿ ಇದೆಯಂತೆ. ಮುಂದಿನ ತಿಂಗಳಿಂದ ಬನ್ನಿ ಅಂದ್ರು" ಎಂದೆ. ಅವರ ಮುಖ ಬಿಳಿಚಿಕೊಂಡಿತು. ನನಗೆ ಒಂದಿಷ್ಟೂ ಪಾಪ ಅನ್ನಿಸಲಿಲ್ಲ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ ಸುಳ್ಳು ಅದು.