ಬಿಸಿ ಟಾರಿನ ಮೇಲೆ ಟಗರು

ಲೋಕೋಪಯೋಗಿ ಇಲಾಖೆಗೆ ಸೇರಿದ ಹೊಸತರಲ್ಲೇ ನನಗೊಂದು ಭಾರೀ ಜವಾಬ್ದಾರಿ ಕೊಟ್ಟರು. ಹೊಸದುರ್ಗದಿಂದ ಮತ್ತೋಡಿನ ಕಡೆಗೆ ಟಾರು ಹಾಕುತ್ತಿದ್ದೆವು. ಅದು ಆರುವವರೆಗೆ ಯಾರನ್ನೂ ಮೇಲೆ ಬಿಡಬಾರದು. ಎಂಜಿನಿಯರಿಂಗ್ ಓದಿದವನಿಗೆ ಸಿಕ್ಕ ಕೆಲಸ ಇಷ್ಟೇ, ನಿಲ್ಲುವುದು. ನನ್ನ ಜಾಗದಲ್ಲಿ ಒಂದು ಕಲ್ಲಿಟ್ಟಿದ್ದರೂ ನಡೆಯುತ್ತಿತ್ತು. ಕಲ್ಲಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಒಬ್ಬ ಅಜ್ಜ ಕುರಿಮಂದೆ ಹೊಡೆದುಕೊಂಡು ಬಂದ. ಕೆರೆ ರಸ್ತೆಯ ಆಚೆಗಿತ್ತು. ಎಲ್ಲಕ್ಕೂ ಮುಂದೆ ಕೊರಳಿಗೆ ಗಂಟೆ ಕಟ್ಟಿದ, ಕೊಂಬು ಸುರುಳಿ ಸುತ್ತಿದ ಟಗರು. ಅದು ಹೆಜ್ಜೆ ಇಟ್ಟರಷ್ಟೇ ಉಳಿದವು ಕದಲುತ್ತಿದ್ದವು.

"ದಾಟಬೋದೇನ್ರಿ ಸಾಹೇಬ್ರೆ? ನೀರಿಗೆ ಬಾಯಿ ಬಿಡ್ತಾ ಅವೆ."

ಅಲ್ಲಿಯವರೆಗೆ ನನ್ನನ್ನು ಯಾರೂ ಸಾಹೇಬ್ರೆ ಎಂದಿರಲಿಲ್ಲ. ಉಬ್ಬಿಹೋದೆ. ನಿಂತಿದ್ದ ಹುಣಸೆಮರದ ನೆರಳಲ್ಲೇ ಬಗ್ಗಿ, ಡಾಕ್ಟರು ಜ್ವರ ನೋಡುವ ಹಾಗೆ ರಸ್ತೆಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು.

"ಆರೈತೆ, ಹೋಗಜ್ಜ."

ನೆರಳಲ್ಲಿದ್ದದ್ದು ಬೆಳಿಗ್ಗೆ ಹಾಕಿದ ಟಾರು. ಟಗರು ಹತ್ತಿದ್ದು ಅದರಾಚೆ, ಬಿಸಿಲಲ್ಲಿ, ರೋಲರ್ ಆಗತಾನೆ ಹಾದುಹೋದ ತುಂಡಿಗೆ. ಗೊರಸಿಗೆ ಟಾರು ಮೆತ್ತಿತು. ಬೆದರಿದ ಟಗರು ಅಡ್ಡ ದಾಟುವ ಬದಲು ಉದ್ದಕ್ಕೆ, ಇನ್ನೂ ಹೊಗೆಯಾಡುತ್ತಿದ್ದ ಕಡೆಗೇ ಓಡಿತು. ಅಜ್ಜ ಕೋಲು ಅಡ್ಡ ಹಿಡಿದು ಉಳಿದವನ್ನು ಅಂಚಿನಲ್ಲೇ ತಡೆದ. ನಾನು ಟಗರಿನ ಹಿಂದೆ ಓಡಿದೆ. ನನ್ನ ಬೂಟು ಟಾರಿನಲ್ಲೇ ಉಳಿಯಿತು, ನಾನು ಕುಂಡಿಯೂರಿ ಬಿದ್ದೆ. ಸರ್ಕಾರಿ ರಸ್ತೆಗೆ ನಾನು ಒತ್ತಿದ ಮೊದಲ ಮೊಹರು ಅದು.

ಕೊನೆಗೆ ಟಗರನ್ನು ಹಿಡಿದು, ರೋಲರಿನ ಡೀಸೆಲ್ ಸುರಿದು ಗೊರಸಿನ ಸಂದಿ ಉಜ್ಜಿದೆ. ಟಾರಿನ ಜೊತೆ ಚರ್ಮವೂ ಕೈಗೆ ಬಂತು. ಅದು ಅರಚಿತು.

"ಬಿಡ್ರಿ ಸಾಹೇಬ್ರೆ. ನೀವು ಮುಟ್ಟಬ್ಯಾಡ್ರಿ," ಎಂದ ಅಜ್ಜ.

ಅಷ್ಟರಲ್ಲಿ ನಮ್ಮ ಮೇಲಿನ ಸಾಹೇಬರ ಜೀಪು ಬಂತು. ಅವರು ಗೊರಸಿನ ಗುರುತುಗಳನ್ನು ನೋಡಿದರು.

"ಏನಪ್ಪ, ರಂಗೋಲಿ ಬಿಟ್ಟೀಯ? ನಾಳೆ ಇನ್‌ಸ್ಪೆಕ್ಷನ್ ಐತೆ, ಬಿಸಿ ಇದ್ದಂಗೇ ರೋಲರ್ ಹೊಡ್ಸು." ಆಮೇಲೆ ಟಗರಿನ ಕಡೆ ನೋಡಿ, "ಇದನ್ನ ಎತ್ತಿಸು, ರೋಲರಿಗೆ ಅಡ್ಡ ಐತೆ," ಎಂದು ಜೀಪು ಹತ್ತಿದರು.

ಅಜ್ಜ ಟಗರನ್ನು ಎತ್ತಿ ನಿಲ್ಲಿಸಿದ. ಬಿತ್ತು. ಮತ್ತೆ ನಿಲ್ಲಿಸಿದ. ಮತ್ತೆ ಬಿತ್ತು.

"ಇನ್ನ ಇದು ನಡಿಯಲ್ಲ ಕಣಜ್ಜ, ನಮಗೆ ಕೊಟ್ಬಿಡು. ಸಾರಿಗಾಗ್ತತೆ," ಎಂದ ರೋಲರ್ ಡ್ರೈವರ್.

"ಇದಿಲ್ದೆ ಮಂದೆ ಕದ್ಲಲ್ಲಪ್ಪ. ಎಂಗೆ ಹೊಡ್ಕೊಂಡೋಗ್ಲಿ?"

"ನಮ್ ಸಾಹೇಬ್ರು ಇಲ್ಲೇ ಅವ್ರಲ್ಲ, ಇವ್ರನ್ನ ಮುಂದೆ ಬಿಡು. ಕೊಂಬಿಲ್ಲ ಅನ್ನದೊಂದೇ!" ಎಂದು ಡ್ರೈವರ್ ನನ್ನ ಕಡೆ ಕೈ ಮಾಡಿದ.

ಕೆಲಸದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಅಜ್ಜ ನಗಲಿಲ್ಲ. ಬಹಳ ಹೊತ್ತು ಟಗರಿನ ಪಕ್ಕ ಕುಂತಿದ್ದ. ಆಮೇಲೆ ಅದರ ಕೊರಳ ಗಂಟೆ ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡು, ಟಗರನ್ನು ಅಲ್ಲೇ ಬಿಟ್ಟು, ತಣ್ಣಗಿದ್ದ ಹುಣಸೆ ನೆರಳಿನ ಕಡೆಯಿಂದ ರಸ್ತೆ ದಾಟಿದ. ಗಂಟೆಯ ಸದ್ದಿಗೆ ಕುರಿಗಳು ತಲೆ ತಗ್ಗಿಸಿಕೊಂಡು ಅವನ ಹಿಂದೆ ಹೋದವು. ಅವನು ತಿರುಗಿ ನೋಡಲಿಲ್ಲ.

ಸಂಜೆ ರಸ್ತೆ ಬದಿಯಲ್ಲೇ ಒಲೆ ಹೂಡಿದರು. ಡ್ರೈವರ್ ಒಳ್ಳೆಯ ತುಂಡು ಹುಡುಕಿ ನನ್ನ ಎಲೆಗೆ ಹಾಕಿದ.

"ತಿನ್ರಿ ಸಾಹೇಬ್ರೆ, ಅರ್ಧ ನೀವೇ ಬೇಯ್ಸೀರ."

ತಿಂದೆ. ಉಪ್ಪು ಸ್ವಲ್ಪ ಕಮ್ಮಿಯಿತ್ತು.